ಬಾಂಡ್ ಯಾರ ಸ್ವತ್ತು? ಅಮೆಜಾನ್‌ಗೆ ಯಾಕಿಷ್ಟು ಅವಸರ?

2025ರ ಫೆಬ್ರವರಿ 20ರಂದು ಬಂದ ಒಂದು ಸುದ್ದಿ ಸಿನಿಮಾ ಪ್ರಿಯರನ್ನು ಗೊಂದಲಕ್ಕೆ ಕೆಡವಿತು. ಜೇಮ್ಸ್ ಬಾಂಡ್ ಸಿನಿಮಾಗಳ ಕಥೆ ಏನು, ನಟ ಯಾರು, ಶೂಟಿಂಗ್ ಯಾವಾಗ ಎಂಬುದನ್ನೆಲ್ಲ ಇನ್ನು ಮುಂದೆ ಅಮೆಜಾನ್ ಎಂಜಿಎಂ ಸ್ಟುಡಿಯೋಸ್ ತೀರ್ಮಾನಿಸುತ್ತದೆ ಎಂದು ಅದು ಹೇಳಿತ್ತು. ಆದರೆ ಎಂಜಿಎಂ ಎಂಬ ಹಾಲಿವುಡ್ ಕಂಪನಿಯನ್ನು ಅಮೆಜಾನ್ 2022ರಲ್ಲೇ ಕೊಂಡಾಗಿತ್ತಲ್ವಾ? ಬಾಂಡ್ ಸಿನಿಮಾಗೂ ಮುಂಚೆ ಘರ್ಜಿಸುವ ಸಿಂಹ ಎಂಜಿಎಂನದೇ ತಾನೆ? ಹಾಗಾದರೆ ಮೂರು ವರ್ಷದ ಮೇಲೆ ಮತ್ತೆ ಪಡೆದದ್ದು ಏನನ್ನು?

ಆಮೇಲೆ ಸುದ್ದಿಗಳು ಒಂದರ ಹಿಂದೆ ಒಂದು ಬಂದವು. ಮಾರ್ಚ್‌ನಲ್ಲಿ ಏಮಿ ಪ್ಯಾಸ್ಕಲ್, ಡೇವಿಡ್ ಹೇಮನ್ ನಿರ್ಮಾಪಕರಾದರು. ಜೂನ್‌ನಲ್ಲಿ ಡೆನಿ ವಿಲ್ನೆವ್ ನಿರ್ದೇಶಕ ಎಂದರು. ಜುಲೈ ಕೊನೆಗೆ ಸ್ಟೀವನ್ ನೈಟ್ ಚಿತ್ರಕಥೆ ಬರೆಯುತ್ತಾರೆ ಎಂದರು. ಇಷ್ಟೆಲ್ಲ ನಡೆಯುವಾಗ ಜನ ಮಾತಾಡಿದ್ದು ಮಾತ್ರ ಒಂದೇ ವಿಷಯ: ಮುಂದಿನ ಬಾಂಡ್ ಯಾರು? ಅಮೆಜಾನ್ ಸ್ಥಾಪಕ ಜೆಫ್ ಬೆಜೋಸ್ ಕೂಡ ಎಕ್ಸ್‌ನಲ್ಲಿ ಅದನ್ನೇ ಕೇಳಿದರು. ನಟನ ಹೆಸರು ಹಿಡಿದು ಹರಟೆ ಹೊಡೆಯುವುದು ಮಜವೇ, ಇಲ್ಲ ಎನ್ನುವುದಿಲ್ಲ. ಆದರೆ ಈ ಸರಣಿಯ ಮುಂದಿನ ಹತ್ತು ವರ್ಷದ ಹಣೆಬರಹ ಬರೆಯುವುದು ಕ್ಯಾಲೆಂಡರು. ಅದು ಹೇಗೆ ಅಂತ ತಿಳಿಯಲು ಮೊದಲು ಒಡೆತನದ ಕಥೆ ನೋಡಬೇಕು.

## ಪಾಲು ಇದ್ದರೂ ಬೀಗದ ಕೈ ಇರಲಿಲ್ಲ

1961ರಲ್ಲಿ ಆಲ್ಬರ್ಟ್ ಬ್ರೊಕೊಲಿ ಮತ್ತು ಹ್ಯಾರಿ ಸಾಲ್ಟ್ಸ್‌ಮನ್ ಎಂಬ ಇಬ್ಬರು ನಿರ್ಮಾಪಕರು ಜೊತೆಯಾದರು. ಹಕ್ಕುಗಳನ್ನು ಇಟ್ಟುಕೊಳ್ಳಲು ಡ್ಯಾಂಜಾಕ್ ಎಂಬ ಕಂಪನಿ, ಸಿನಿಮಾ ತೆಗೆಯಲು ಇಯಾನ್ ಪ್ರೊಡಕ್ಷನ್ಸ್. ದುಡ್ಡು ಹಾಕಿ ಹಂಚಿಕೆ ಮಾಡಿದ್ದು ಯುನೈಟೆಡ್ ಆರ್ಟಿಸ್ಟ್ಸ್. ಮರುವರ್ಷವೇ, ಅಂದರೆ 1962ರ ಅಕ್ಟೋಬರ್‌ನಲ್ಲಿ, 'ಡಾ. ನೋ' ತೆರೆಗೆ ಬಂತು.

1975ರಲ್ಲಿ ಸಾಲ್ಟ್ಸ್‌ಮನ್ ಬೇರೆ ವ್ಯವಹಾರಗಳಲ್ಲಿ ಕೈ ಸುಟ್ಟುಕೊಂಡು ತಮ್ಮ ಅರ್ಧ ಪಾಲನ್ನು ಯುನೈಟೆಡ್ ಆರ್ಟಿಸ್ಟ್ಸ್‌ಗೆ ಮಾರಿದರು. 1981ರಲ್ಲಿ ಎಂಜಿಎಂ ಆ ಕಂಪನಿಯನ್ನೇ ಕೊಂಡಿತು. 2022ರ ಮಾರ್ಚ್‌ನಲ್ಲಿ ಅಮೆಜಾನ್ 845 ಕೋಟಿ ಡಾಲರ್ ಕೊಟ್ಟು ಎಂಜಿಎಂ ಅನ್ನು ತನ್ನದಾಗಿಸಿಕೊಂಡಿತು. ಅಂದರೆ 1975ರಲ್ಲಿ ಸಾಲ್ಟ್ಸ್‌ಮನ್ ಬಿಟ್ಟುಕೊಟ್ಟ ಪಾಲು ಕೈಯಿಂದ ಕೈಗೆ ದಾಟಿ ಅಮೆಜಾನ್ ತನಕ ಬಂತು. ಇನ್ನೊಂದು ಪಾಲು ಬ್ರೊಕೊಲಿ ಮನೆಯಲ್ಲೇ ಉಳಿಯಿತು. 1996ರಲ್ಲಿ ಆಲ್ಬರ್ಟ್ ತೀರಿಕೊಂಡರು. ಅಷ್ಟರಲ್ಲಾಗಲೇ ಮಗಳು ಬಾರ್ಬರಾ ಮತ್ತು ಹೆಂಡತಿಯ ಮೊದಲ ಮದುವೆಯ ಮಗ ಮೈಕಲ್ ಜಿ. ವಿಲ್ಸನ್ ಸಿನಿಮಾಗಳ ಹೊಣೆ ಹೊತ್ತಿದ್ದರು.

ಅಸಲು ಗೋಜಲು ಇರುವುದು ಇಲ್ಲಿ. ಒಪ್ಪಂದದ ಪ್ರಕಾರ ಸಿನಿಮಾದ ತೀರ್ಮಾನಗಳೆಲ್ಲ ಕುಟುಂಬದ್ದು. ಚಿತ್ರಕಥೆ, ನಟ, ನಿರ್ದೇಶಕ, ಯಾವಾಗ ಶುರು ಮಾಡಬೇಕು, ಎಲ್ಲದಕ್ಕೂ ಅವರು ಹೂಂ ಅನ್ನಬೇಕು. ಕೂಡು ಆಸ್ತಿಯಲ್ಲಿ ಪಾಲು ಇದ್ದರೂ ಬೀಗದ ಕೈ ಇನ್ನೊಬ್ಬರ ಸೊಂಟದಲ್ಲಿದ್ದ ಹಾಗೆ. ಅಮೆಜಾನ್ ಅಷ್ಟು ದುಡ್ಡು ಸುರಿದು ಮೂರು ವರ್ಷ ಬಾಗಿಲ ಹೊರಗೇ ನಿಂತಿತ್ತು. ಇಬ್ಬರ ನಡುವೆ ಮಾತೇ ಹಳಸಿದೆ ಎಂದು 2024ರ ಡಿಸೆಂಬರ್‌ನಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ವಿವರವಾಗಿ ಬರೆಯಿತು. ಇವತ್ತು ಬಂದು ನಾಳೆ ಹೋಗುವವರ ಕೈಗೆ ಶಾಶ್ವತ ತೀರ್ಮಾನಗಳನ್ನು ಕೊಡಬೇಡಿ ಎಂದು ಆಲ್ಬರ್ಟ್ ಮಕ್ಕಳಿಗೆ ಹೇಳುತ್ತಿದ್ದರಂತೆ. ಕಂಪನಿ ಅಧಿಕಾರಿಗಳ ಬಗ್ಗೆ ಕುಟುಂಬಕ್ಕಿದ್ದ ಅನುಮಾನವೆಲ್ಲ ಆ ಒಂದು ಮಾತಿನಲ್ಲಿದೆ.

ಆ ವರದಿ ಬಂದು ಎರಡೇ ತಿಂಗಳಿಗೆ ಒಪ್ಪಂದ ಆಯಿತು. ಹಕ್ಕುಗಳನ್ನು ಇಟ್ಟುಕೊಳ್ಳಲು ಹೊಸದೊಂದು ಜಂಟಿ ಕಂಪನಿ. ಬಾರ್ಬರಾ, ಮೈಕಲ್ ಇಬ್ಬರೂ ಅದರಲ್ಲಿ ಪಾಲುದಾರರಾಗಿಯೇ ಇದ್ದಾರೆ. ಹಾಗಾಗಿ 'ಬಾಂಡ್ ಪೂರ್ತಿ ಮಾರಾಟವಾಯಿತು' ಅನ್ನುವುದು ಸರಿಯಲ್ಲ. ತೀರ್ಮಾನ ಮಾಡುವ ಅಧಿಕಾರ ಕೈ ಬದಲಾಯಿಸಿತು, ಅಷ್ಟೇ. ಆದರೆ ಸಿನಿಮಾದಲ್ಲಿ ಅಷ್ಟೇ ಅನ್ನುವುದು ಸಣ್ಣ ಮಾತಲ್ಲ.

## ವಕೀಲರು ಬರೆದ ಚಿತ್ರಕಥೆ

ಹಕ್ಕಿನ ಕಾಗದಪತ್ರ ಬೇರೆ, ತೆರೆ ಮೇಲಿನ ಕಥೆ ಬೇರೆ ಅಂತ ಅನಿಸಬಹುದು. ಬಾಂಡ್ ವಿಷಯದಲ್ಲಿ ಅದು ಯಾವತ್ತೂ ಹಾಗಿರಲಿಲ್ಲ.

ಬಾಂಡ್ ಪಾತ್ರ ಹುಟ್ಟಿಸಿದ ಲೇಖಕ ಇಯಾನ್ ಫ್ಲೆಮಿಂಗ್ ಬರೆದ ಮೊದಲ ಕಾದಂಬರಿ 'ಕ್ಯಾಸಿನೋ ರಾಯಲ್' ಪ್ರಕಟವಾಗಿದ್ದು 1953ರಲ್ಲಿ. ಅದರ ಸಿನಿಮಾ ಹಕ್ಕನ್ನು 1955ರಲ್ಲೇ ಬರೀ 6,000 ಡಾಲರ್‌ಗೆ ಬೇರೆಯವರಿಗೆ ಮಾರಿಯಾಗಿತ್ತು. ಹಾಗಾಗಿ ಬ್ರೊಕೊಲಿ ಜೋಡಿಗೆ ಮೊದಲ ಪುಸ್ತಕವೇ ಸಿಗಲಿಲ್ಲ. 1967ರಲ್ಲಿ ಬೇರೆ ನಿರ್ಮಾಪಕರು ಅದನ್ನು ಹಾಸ್ಯದ ಸಿನಿಮಾ ಮಾಡಿದರು. ಕೊನೆಗೆ 1999ರಲ್ಲಿ ಎಂಜಿಎಂ ಮತ್ತು ಸೋನಿ ನಡುವೆ ರಾಜಿಯಾಗಿ ಆ ಹಕ್ಕು ಎಂಜಿಎಂ ಕಡೆಗೆ ಬಂತು. ಅದೇ ರಾಜಿಯಲ್ಲಿ ಎಂಜಿಎಂ ಸ್ಪೈಡರ್‌ಮ್ಯಾನ್ ಮೇಲಿನ ತನ್ನ ಹಕ್ಕನ್ನು ಸೋನಿಗೆ ಬಿಟ್ಟುಕೊಟ್ಟಿತು. 2006ರಲ್ಲಿ ಡೇನಿಯಲ್ ಕ್ರೇಗ್ ಬಂದು ಬಾಂಡ್‌ನ ಕಥೆಯನ್ನು ಬುಡದಿಂದ ಶುರು ಮಾಡಲು ಆಗಿದ್ದು ಈ ರಾಜಿಯಿಂದ.

ಇನ್ನೊಂದು ಜಗಳ ಇದಕ್ಕಿಂತ ಸ್ವಾರಸ್ಯದ್ದು. ಕೆವಿನ್ ಮೆಕ್ಲೋರಿ ಎಂಬ ನಿರ್ಮಾಪಕ ಫ್ಲೆಮಿಂಗ್ ಜೊತೆ ಕೂತು ಒಂದು ಚಿತ್ರಕಥೆ ಮಾಡಿದ್ದರು. ಸಿನಿಮಾ ಆಗಲಿಲ್ಲ. ಫ್ಲೆಮಿಂಗ್ ಅದನ್ನೇ 'ಥಂಡರ್‌ಬಾಲ್' ಕಾದಂಬರಿ ಮಾಡಿಕೊಂಡರು. ಮೆಕ್ಲೋರಿ ಕೋರ್ಟಿಗೆ ಹೋದರು. 1963ರಲ್ಲಿ ರಾಜಿಯಾಗಿ ಸಿನಿಮಾ ಹಕ್ಕು ಅವರಿಗೆ ಸಿಕ್ಕಿತು. ಆ ಹಕ್ಕಿನ ಬಲದಿಂದಲೇ 1983ರಲ್ಲಿ ಒಂದೇ ವರ್ಷ ಇಬ್ಬರು ಬಾಂಡ್ ಬಂದರು. ಇಯಾನ್ ಕಂಪನಿಯ 'ಆಕ್ಟೋಪಸಿ'ಯಲ್ಲಿ ರೋಜರ್ ಮೂರ್ ಉದಯಪುರದ ಸರೋವರದ ಸುತ್ತ ಓಡಾಡುತ್ತಿದ್ದರೆ, 'ನೆವರ್ ಸೇ ನೆವರ್ ಅಗೇನ್'ನಲ್ಲಿ ಹಳೆಯ ಬಾಂಡ್ ಶಾನ್ ಕಾನರಿ ಮತ್ತೆ ಬಂದಿದ್ದರು. ಆ ಎರಡನೆಯದು ಬ್ರೊಕೊಲಿ ಕುಟುಂಬಕ್ಕೆ ಸೇರಿದ್ದಲ್ಲ.

ಬ್ಲೋಫೆಲ್ಡ್ ಎಂಬ ದೊಡ್ಡ ಖಳನಾಯಕ ದಶಕಗಳ ಕಾಲ ಮಾಯವಾಗಿದ್ದು ಕೂಡ ಇದೇ ಜಗಳದಿಂದ. 1971ರ ನಂತರ ಇಯಾನ್ ಕಂಪನಿಯ ಸಿನಿಮಾಗಳಲ್ಲಿ ಆ ಹೆಸರು ಕೇಳಲಿಲ್ಲ. 1981ರಲ್ಲಿ ಗಾಲಿಕುರ್ಚಿಯಲ್ಲಿ ಕೂತ ಒಬ್ಬ ಬೋಳುತಲೆಯವನನ್ನು ಬಾಂಡ್ ಚಿಮಣಿಯೊಳಕ್ಕೆ ಬೀಳಿಸುತ್ತಾನೆ. ಅವನು ಯಾರು ಅಂತ ಸಿನಿಮಾ ಹೇಳುವುದೇ ಇಲ್ಲ. ನೋಡಿದವರಿಗೆಲ್ಲ ಗೊತ್ತಿತ್ತು, ಬಿಡಿ. 2013ರಲ್ಲಿ ಮೆಕ್ಲೋರಿ ವಾರಸುದಾರರ ಜೊತೆ ವ್ಯವಹಾರ ಮುಗಿದ ಮೇಲೆಯೇ, 2015ರ 'ಸ್ಪೆಕ್ಟರ್'ನಲ್ಲಿ ಬ್ಲೋಫೆಲ್ಡ್ ಹೆಸರು ಹೇಳಿಕೊಂಡು ವಾಪಸ್ ಬಂದ.

1989ರಿಂದ 1995ರವರೆಗೆ ಆರು ವರ್ಷ ಒಂದೂ ಸಿನಿಮಾ ಬರಲಿಲ್ಲ. ಅದಕ್ಕೂ ಕಾರಣ ಎಂಜಿಎಂ ಮಾಲೀಕತ್ವ ಬದಲಾಗಿ ಹುಟ್ಟಿದ ಮೊಕದ್ದಮೆ.

## 2035ರ ಗಡಿಯಾರ

ಫ್ಲೆಮಿಂಗ್ ತೀರಿಕೊಂಡಿದ್ದು 1964ರ ಆಗಸ್ಟ್ 12ರಂದು. ಬ್ರಿಟನ್ ಮತ್ತು ಯುರೋಪಿಯನ್ ಒಕ್ಕೂಟದಲ್ಲಿ ಲೇಖಕ ಸತ್ತ 70 ವರ್ಷದವರೆಗೆ ಕಾಪಿರೈಟ್ ಇರುತ್ತದೆ. 2034 ಮುಗಿದು 2035ರ ಜನವರಿ 1 ಆದರೆ ಅಲ್ಲಿ ಆ ಪುಸ್ತಕಗಳು ಎಲ್ಲರ ಸ್ವತ್ತು. ಲಂಡನ್ನಿನ ಯಾವ ನಿರ್ಮಾಪಕ ಬೇಕಾದರೂ ಯಾರನ್ನೂ ಕೇಳದೆ ಅವುಗಳನ್ನು ಸಿನಿಮಾ ಮಾಡಬಹುದು.

ಈಗ ಲೆಕ್ಕ ಹಾಕಿ. ಕ್ರೇಗ್ 2006ರಿಂದ 2021ರವರೆಗೆ, 15 ವರ್ಷದಲ್ಲಿ ಐದು ಸಿನಿಮಾ ಮಾಡಿದರು. ಸಿನಿಮಾದಿಂದ ಸಿನಿಮಾಕ್ಕೆ ಹತ್ತಿರ ಹತ್ತಿರ ನಾಲ್ಕು ವರ್ಷದ ಅಂತರ. ವಿಲ್ನೆವ್ ಕೈಯಲ್ಲಿ ಮೊದಲು 'ಡ್ಯೂನ್' ಮೂರನೇ ಭಾಗ ಮುಗಿಯಬೇಕು, ಅದರ ಬಿಡುಗಡೆ 2026ರ ಡಿಸೆಂಬರ್‌ಗೆ ನಿಗದಿಯಾಗಿದೆ. ಹಾಗಾಗಿ ಹೊಸ ಬಾಂಡ್ 2028ರ ಸುಮಾರಿಗೆ ಬಂದರೆ ಬೇಗ ಬಂತು ಅಂತಲೇ ಲೆಕ್ಕ. ಹಳೆಯ ನಡಿಗೆಯಲ್ಲೇ ಹೋದರೆ 2035ರೊಳಗೆ ಸಿಗುವುದು ಎರಡು ಸಿನಿಮಾ. ಓಡಿದರೆ ಮೂರು. 1962ರಿಂದ 65ರವರೆಗೆ ವರ್ಷಕ್ಕೊಂದು ಬಾಂಡ್ ಬರುತ್ತಿತ್ತು. ಈಗಿನ ಬಜೆಟ್‌ನಲ್ಲಿ ಅದು ಕನಸು.

845 ಕೋಟಿ ಡಾಲರ್ ಪೂರ್ತಿ ಬಾಂಡ್‌ಗೇ ಕೊಟ್ಟಿದ್ದಲ್ಲ, ನಿಜ. ಎಂಜಿಎಂ ಜೊತೆ 4,000ದಷ್ಟು ಸಿನಿಮಾಗಳ ಭಂಡಾರವೂ ಬಂತು. ಆದರೆ ಅದರಲ್ಲಿ ಹೊಳೆಯುವ ಹೆಸರು ಬಾಂಡ್. ಆ ಹೆಸರಿನ ಏಕಸ್ವಾಮ್ಯ ವರ್ಷದಿಂದ ವರ್ಷಕ್ಕೆ ಕರಗುತ್ತಿರುವಾಗ ಸುಮ್ಮನೆ ಕೂರಲು ಯಾವ ಕಂಪನಿಗೂ ಆಗುವುದಿಲ್ಲ. ಕುಟುಂಬಕ್ಕೆ ಒಂದು ವರ್ಷ ಕಾಯುವುದು ಒಳ್ಳೆಯ ಕಥೆಗಾಗಿ ಕೊಡುವ ಬೆಲೆ. ಅಮೆಜಾನ್‌ಗೆ ಅದೇ ಒಂದು ವರ್ಷ ನೇರ ನಷ್ಟ. ಜಗಳದ ಬೇರು ಇಲ್ಲಿದೆ, ಅಧಿಕಾರಿಗಳ ಅಹಂಕಾರವೋ ಕುಟುಂಬದ ಹಟವೋ ಎಲ್ಲ ಆಮೇಲಿನ ಮಾತು.

ಹಾಗಂತ 2035ಕ್ಕೆ ಎಲ್ಲ ಮುಗಿಯಿತು ಅಂತಲೂ ಅಲ್ಲ. ಅಮೆರಿಕದಲ್ಲಿ ಈ ಪುಸ್ತಕಗಳಿಗೆ ಪ್ರಕಟಣೆಯ ವರ್ಷದಿಂದ 95 ವರ್ಷದ ಲೆಕ್ಕ. ಅಲ್ಲಿ 'ಕ್ಯಾಸಿನೋ ರಾಯಲ್' ಮುಕ್ತವಾಗುವುದು 2049ಕ್ಕೆ. ಅಮೆರಿಕದ ಮಾರುಕಟ್ಟೆ ಇಲ್ಲದೆ ದೊಡ್ಡ ಬಜೆಟ್ಟಿನ ಬಾಂಡ್ ತೆಗೆಯಲು ಯಾರು ಬರುತ್ತಾರೆ? ಮೇಲಾಗಿ ಮುಕ್ತವಾಗುವುದು ಪುಸ್ತಕದ ಬಾಂಡ್ ಮಾತ್ರ. ಪಿಸ್ತೂಲಿನ ನಳಿಕೆಯೊಳಗಿಂದ ಕಾಣುವ ಆ ಶುರುವಿನ ದೃಶ್ಯ, ಮಾಂಟಿ ನಾರ್ಮನ್ ಕಟ್ಟಿ ಜಾನ್ ಬ್ಯಾರಿ ರೂಪ ಕೊಟ್ಟ ಆ ಸಂಗೀತ, ಪಿಸ್ತೂಲಿನ ಹಿಡಿಯಂತೆ ಬಾಗಿದ 007 ಲೋಗೊ, ಇವೆಲ್ಲ ಸಿನಿಮಾದವರು ಹುಟ್ಟಿಸಿದ್ದು. ಅವಕ್ಕೆ ಬೇರೆ ರಕ್ಷಣೆ ಇದೆ.

ಟ್ರೇಡ್‌ಮಾರ್ಕ್ ಇನ್ನೂ ಗಟ್ಟಿ. ಬಳಸುತ್ತಿರುವ ತನಕ ಅದು ಸಾಯುವುದಿಲ್ಲ. ಆದರೆ ಬಳಸದಿದ್ದರೆ ಸಾಯಬಹುದು. 2025ರ ಆರಂಭದಲ್ಲಿ ದುಬೈನ ಒಬ್ಬ ರಿಯಲ್ ಎಸ್ಟೇಟ್ ಉದ್ಯಮಿ ಬ್ರಿಟನ್ ಮತ್ತು ಯುರೋಪಿನಲ್ಲಿ ಇದೇ ವಾದ ಹೂಡಿದರು: ಬಾಂಡ್ ಹೆಸರನ್ನು ಹಲವು ಬಗೆಯ ಸರಕುಗಳಿಗೆ ನೋಂದಾಯಿಸಿಟ್ಟು ಐದು ವರ್ಷದಿಂದ ಬಳಸಿಲ್ಲ, ರದ್ದು ಮಾಡಿ ಅಂತ. ಇದರಿಂದ ಮಾಲೀಕರಿಗೆ ಇನ್ನೊಂದು ಒತ್ತಡ. ಹೆಸರನ್ನು ಚಲಾವಣೆಯಲ್ಲಿ ಇಡಲೇಬೇಕು. ಸಿನಿಮಾ ತಡವಾದರೆ ಗೇಮ್, ರಿಯಾಲಿಟಿ ಶೋ, ಏನಾದರೂ ಸರಿ.

## ಅಪರೂಪವೇ ಬೆಲೆ ಎನ್ನುವವರು

ಕುಟುಂಬದ ಪರ ಇರುವವರ ವಾದ ಸರಳ. ಬಾಂಡ್ ಬರುತ್ತಾನೆ ಅಂದರೆ ಅದೊಂದು ಘಟನೆ ಆಗಬೇಕು. ನಾಲ್ಕು ವರ್ಷ ಕಾಯಿಸಿ ಬಂದ 'ಸ್ಕೈಫಾಲ್' 2012ರಲ್ಲಿ 110 ಕೋಟಿ ಡಾಲರ್‌ಗಿಂತ ಜಾಸ್ತಿ ಗಳಿಸಿತು. ಅಷ್ಟು ಗಳಿಸಿದ ಮೇಲೂ ಬಾಂಡ್‌ನ ಮೇಲಧಿಕಾರಿ 'ಎಂ' ಪಾತ್ರಕ್ಕೊಂದು ಟಿವಿ ಸರಣಿ, ಕಾರ್ಯದರ್ಶಿ ಮನಿಪೆನ್ನಿಗೊಂದು ಸಿನಿಮಾ ಅಂತ ಕುಟುಂಬ ಹೋಗಲಿಲ್ಲ. ಬಾಂಡ್ ಯಾವ ಬಣ್ಣದವನಾದರೂ ಆಗಬಹುದು, ಆದರೆ ಗಂಡಸೇ ಎಂದು ಬಾರ್ಬರಾ 2020ರಲ್ಲಿ ಹೇಳಿದ್ದರು. ಒಪ್ಪಬಹುದು, ಬಿಡಬಹುದು. ಆದರೆ ಆ ಮಾತಿಗೆ ಹೊಣೆ ಹೊರುವ ಒಬ್ಬ ಮನುಷ್ಯರಿದ್ದರು. ಕಂಪನಿಯಲ್ಲಿ ಆ ಹೊಣೆ ಯಾರದು?

ಇದಕ್ಕೆ ಅವರು ಕೊಡುವ ಉದಾಹರಣೆ ಸ್ಟಾರ್ ವಾರ್ಸ್. ಡಿಸ್ನಿ 2012ರಲ್ಲಿ 400 ಕೋಟಿ ಡಾಲರ್‌ಗೂ ಜಾಸ್ತಿ ಕೊಟ್ಟು ಅದನ್ನು ಕೊಂಡು, 2015ರಿಂದ 2019ರವರೆಗೆ ವರ್ಷಕ್ಕೊಂದರಂತೆ ಐದು ಸಿನಿಮಾ ತಂದಿತು. ನಾಲ್ಕನೆಯದು ಮಕಾಡೆ ಮಲಗಿತು. ಐದನೆಯದರ ನಂತರ ವರ್ಷಗಟ್ಟಲೆ ಥಿಯೇಟರ್ ಕಡೆಗೇ ಬರಲಿಲ್ಲ.

ಅಮೆಜಾನ್‌ನ ಸ್ವಂತ ಅನುಭವ ಇನ್ನೂ ಹತ್ತಿರದ್ದು, ನಮಗೂ ಸೇರಿದ್ದು. 2023ರಲ್ಲಿ ಅದು ಪ್ರಿಯಾಂಕಾ ಚೋಪ್ರಾ ಇದ್ದ 'ಸಿಟಾಡೆಲ್' ಎಂಬ ಗೂಢಚಾರ ಸರಣಿ ತಂದಿತು. ಒಂದೇ ಕಥೆಯ ಕೊಂಬೆಗಳು ದೇಶ ದೇಶಗಳಲ್ಲಿ ಚಿಗುರಬೇಕು ಎಂಬ ಯೋಜನೆ. ಇಟಲಿಗೊಂದು ಬಂತು. ಭಾರತಕ್ಕೆ ವರುಣ್ ಧವನ್, ಸಮಂತಾ ಇದ್ದ 'ಹನಿ ಬನಿ' ಬಂತು. 2025ರಲ್ಲಿ ಎರಡನ್ನೂ ಒಂದೊಂದು ಸೀಸನ್‌ಗೇ ನಿಲ್ಲಿಸಿದರು. ಕೊಂಬೆ ನೆಟ್ಟು ಆಮೇಲೆ ಮರ ಬೆಳೆಸಲು ಹೋದರೆ ಹೀಗೇ ಆಗುವುದು.

## ಇನ್ನೆಷ್ಟು ಕಾಯುವುದು ಎನ್ನುವವರು

ಎದುರು ವಾದದಲ್ಲೂ ಹುರುಳಿದೆ. 2021ರ 'ನೋ ಟೈಮ್ ಟು ಡೈ' ಕೊನೆಯಲ್ಲಿ ಬಾಂಡ್ ಸತ್ತೇ ಹೋದ. ಇಯಾನ್ ಕಂಪನಿಯ 25 ಸಿನಿಮಾಗಳಲ್ಲಿ ಹೀಗಾಗಿದ್ದು ಅದೇ ಮೊದಲು. ಕೊಂದವರಿಗೆ ಮುಂದೇನು ಅಂತ ಗೊತ್ತಿರಬೇಕಿತ್ತು. ಆದರೆ ಮೂರು ವರ್ಷ ಕಳೆದರೂ ನಿರ್ದೇಶಕ, ಬರಹಗಾರ, ನಟ, ಯಾರ ಹೆಸರೂ ಹೊರಬರಲಿಲ್ಲ. ಹಿಡಿತ ಕೈಗೆ ಬಂದ ಆರು ತಿಂಗಳೊಳಗೆ ಅಮೆಜಾನ್ ನಿರ್ಮಾಪಕರು, ನಿರ್ದೇಶಕ, ಬರಹಗಾರ ಮೂವರನ್ನೂ ಗೊತ್ತುಮಾಡಿತು. ನಿಧಾನ ಅನ್ನುವುದು ಯಾವಾಗಲೂ ಎಚ್ಚರಿಕೆಯ ಲಕ್ಷಣ ಆಗಬೇಕೆಂದಿಲ್ಲ, ಕೆಲವೊಮ್ಮೆ ದಣಿವು ಕೂಡ ಆಗಿರಬಹುದು.

ಆಯ್ಕೆಗಳೂ ಭಯಪಟ್ಟಷ್ಟು ಕೆಟ್ಟದಾಗಿಲ್ಲ. ಹೇಮನ್ ಎಂಟು ಹ್ಯಾರಿ ಪಾಟರ್ ಸಿನಿಮಾಗಳನ್ನು ಹದ ತಪ್ಪದೆ ಮುಗಿಸಿದವರು. ಪ್ಯಾಸ್ಕಲ್ ಸೋನಿಯಲ್ಲಿದ್ದಾಗಲೇ 'ಕ್ಯಾಸಿನೋ ರಾಯಲ್' ಬಂದಿದ್ದು. ನೈಟ್ 'ಪೀಕಿ ಬ್ಲೈಂಡರ್ಸ್' ಬರೆದ ಬ್ರಿಟಿಷರು. ಇನ್ನು ವಿಲ್ನೆವ್. ತಮ್ಮ 'ಡ್ಯೂನ್' ಅನ್ನು ಥಿಯೇಟರ್ ಜೊತೆಗೇ ಒಟಿಟಿಯಲ್ಲೂ ಬಿಡುತ್ತೇವೆ ಎಂದ ಸ್ಟುಡಿಯೋ ವಿರುದ್ಧ 2020ರಲ್ಲಿ ಬಹಿರಂಗವಾಗಿ ಬರೆದವರು ಅವರು. ಅಂಥವರನ್ನು ಕರೆತಂದರೆ ಮೊದಲ ಸಿನಿಮಾವಾದರೂ ದೊಡ್ಡ ತೆರೆಗೆ ಎಂಬ ಮಾತು ಕೊಟ್ಟ ಹಾಗೆಯೇ.

ನಮ್ಮ ಅಂದಾಜು ಇದು: ಮೊದಲ ಸಿನಿಮಾದಲ್ಲಿ ಅಮೆಜಾನ್ ತಗಾದೆಗೆ ಜಾಗ ಕೊಡುವುದಿಲ್ಲ. ಪರೀಕ್ಷೆ ಎದುರಾಗುವುದು ಅದು ಗೆದ್ದ ಮೇಲೆ. ಗೆದ್ದರೆ ಟಿವಿ ಸರಣಿ, ಉಪಕಥೆ, ಯುವ ಬಾಂಡ್ ಎಲ್ಲದಕ್ಕೂ ಹಸಿರು ದೀಪ. ಸೋತರೆ ಇನ್ನೂ ಜಲ್ದಿ, ಏಕೆಂದರೆ ಆಗ 2035 ಇನ್ನಷ್ಟು ಹತ್ತಿರ.

2025ರ ಅಕ್ಟೋಬರ್‌ನಲ್ಲಿ ಒಂದು ಸಣ್ಣ ಘಟನೆ ನಡೆಯಿತು. ಪ್ರೈಮ್ ವಿಡಿಯೋದಲ್ಲಿ ಹಳೆಯ ಬಾಂಡ್ ಸಿನಿಮಾಗಳ ಚಿತ್ರಗಳಿಂದ ಪಿಸ್ತೂಲನ್ನು ಅಳಿಸಿ ಹಾಕಿದ್ದರು. ಕೆಲವು ಚಿತ್ರದಲ್ಲಿ ಕೈಯೇ ವಿಚಿತ್ರವಾಗಿ ಕಾಣುತ್ತಿತ್ತು. ಅಭಿಮಾನಿಗಳು ಬೈದರು, ಅಮೆಜಾನ್ ಆ ಚಿತ್ರಗಳನ್ನು ತೆಗೆದು ಬೇರೆ ಹಾಕಿತು. ಕೊಲ್ಲುವ ಪರವಾನಗಿ ಇರುವ ಮನುಷ್ಯನ ಕೈಯಿಂದ ಪಿಸ್ತೂಲು ಕಿತ್ತುಕೊಳ್ಳುವ ಯೋಚನೆ ಯಾರಿಗೆ ಬಂತೋ. ಇಂಥ ಚಿಲ್ಲರೆ ತೀರ್ಮಾನಗಳನ್ನು ಕೂಡ ಮೊದಲು ಕಣ್ಣಿಟ್ಟು ಕಾಯುತ್ತಿದ್ದವರು ಈಗ ಆ ಜಾಗದಲ್ಲಿಲ್ಲ. ಕುಟುಂಬದ ಪರ ವಾದಿಸುವವರಿಗೆ ಸಿಕ್ಕಿರುವ ಅತಿ ಗಟ್ಟಿ ಸಾಕ್ಷಿ ಇದೇ.

## ಹೋಮ್ಸ್ ದಾರಿ, 999 ದಾರಿ

ಕಾಪಿರೈಟ್ ಮುಗಿದ ಮೇಲೆ ಏನಾಗುತ್ತದೆ ಎಂಬುದಕ್ಕೆ ಷರ್ಲಾಕ್ ಹೋಮ್ಸ್ ಇದ್ದಾನೆ. 2009ರ ನಂತರ ಒಂದು ಸಿನಿಮಾ ಸರಣಿ, ಒಂದು ಬ್ರಿಟಿಷ್ ಟಿವಿ ಸರಣಿ, ಒಂದು ಅಮೆರಿಕನ್ ಟಿವಿ ಸರಣಿ ಒಟ್ಟೊಟ್ಟಿಗೇ ಓಡಿದವು. ಮೂರು ಹೋಮ್ಸ್, ಮೂರು ಮುಖ, ಯಾರೂ ಯಾರನ್ನೂ ಮುಳುಗಿಸಲಿಲ್ಲ. ಆದರೆ ಕೊನೆಯ ಕೆಲವು ಕಥೆಗಳ ಕಾಪಿರೈಟ್ ಅಮೆರಿಕದಲ್ಲಿ ಉಳಿದಿದ್ದರಿಂದ, ಆ ಕಥೆಗಳಲ್ಲಿ ಕಾಣುವ ಮೆದು ಮನಸ್ಸಿನ ಹೋಮ್ಸ್ ನಮ್ಮವನು ಎಂದು ಲೇಖಕರ ವಾರಸುದಾರರ ಸಂಸ್ಥೆ 2020ರಲ್ಲೂ ಕೋರ್ಟಿಗೆ ಹೋಗಿತ್ತು. ಬಾಂಡ್‌ಗೂ 2035ರಿಂದ 2049ರವರೆಗೆ ಇಂಥ ಕಿತ್ತಾಟಗಳ ಕಾಲ ಕಾದಿದೆ.

ಕನ್ನಡದವರಿಗೆ ಇನ್ನೊಂದು ದಾರಿ ಮೊದಲೇ ಗೊತ್ತಿತ್ತು. ಹೆಸರು, ಕಥೆಗೆ ಕಾಪಿರೈಟ್ ಇರಬಹುದು. ಸೂಟು ಹಾಕಿದ ಗೂಢಚಾರ, ವಿಲಕ್ಷಣ ಖಳ, ಯಂತ್ರಗಳ ಚಮತ್ಕಾರ ಎಂಬ ಮಾದರಿಗೆ ಇಲ್ಲ. ದೊರೈ–ಭಗವಾನ್ ಜೋಡಿ 1968ರಲ್ಲಿ 'ಜೇಡರ ಬಲೆ' ತಂದಾಗ ಮಾಡಿದ್ದು ಇದನ್ನೇ. ಡಾ. ರಾಜ್‌ಕುಮಾರ್ ಸಿಐಡಿ 999 ಪ್ರಕಾಶ್ ಆದರು. ಸಂಖ್ಯೆ ಬದಲಾಯಿತು, ಗತ್ತು ಉಳಿಯಿತು. ಅದೇ ವರ್ಷ ಗೋವಾ, ಮರುವರ್ಷ ಜಾಕ್‌ಪಾಟ್, 1978ರಲ್ಲಿ ಡೈಮಂಡ್ ರಾಕೆಟ್. ನಾಲ್ಕೂ ಸಿನಿಮಾಕ್ಕೆ ಲಂಡನ್ನಿನ ಯಾರ ಅನುಮತಿಯೂ ಬೇಕಿರಲಿಲ್ಲ.

ಈಗ ಭಾರತದಲ್ಲಿ ಇನ್ನೂ ಒಂದು ಬಾಗಿಲು ತೆರೆದಿದೆ, ಅದರ ಸುದ್ದಿ ಮಾತ್ರ ಹೆಚ್ಚು ಆಗಿಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಲೇಖಕ ಸತ್ತ ನಂತರ 60 ವರ್ಷ ಮಾತ್ರ ರಕ್ಷಣೆ. ಫ್ಲೆಮಿಂಗ್ ಬದುಕಿದ್ದಾಗ ಪ್ರಕಟವಾದ ಪುಸ್ತಕಗಳಿಗೆ ಆ ಅವಧಿ 2024ರ ಡಿಸೆಂಬರ್ 31ಕ್ಕೆ ಮುಗಿದಿದೆ. ಅವರು ತೀರಿಕೊಂಡ ಮೇಲೆ ಬಂದ ಎರಡು ಬಾಂಡ್ ಪುಸ್ತಕಗಳಿಗೆ ಪ್ರಕಟಣೆಯ ವರ್ಷದಿಂದ ಬೇರೆ ಲೆಕ್ಕ. ಅಂದರೆ 'ಕ್ಯಾಸಿನೋ ರಾಯಲ್' ಅನ್ನು ಕನ್ನಡಕ್ಕೆ ಅನುವಾದಿಸಿ ಬೆಂಗಳೂರಿನಲ್ಲಿ ಅಚ್ಚು ಹಾಕಲು ಇವತ್ತು ಕಾಪಿರೈಟ್ ಅಡ್ಡ ಬರುವುದಿಲ್ಲ. ಅದರ ಮೇಲೆ ಕನ್ನಡ ಸಿನಿಮಾ ತೆಗೆಯಲೂ ಅಡ್ಡ ಬರುವುದಿಲ್ಲ.

ಅಡ್ಡ ಬರುವುದು ಉಳಿದದ್ದೆಲ್ಲ. ಮುಖಪುಟದಲ್ಲಿ 007 ಲೋಗೊ ಹಾಕಿದರೆ ಟ್ರೇಡ್‌ಮಾರ್ಕ್ ನೋಟಿಸು ಬರಬಹುದು. ಹಿನ್ನೆಲೆಯಲ್ಲಿ ಆ ಹಳೆಯ ಸಂಗೀತ ಬಾರಿಸುವ ಹಾಗಿಲ್ಲ. ಸಿನಿಮಾ ಮುಗಿಸಿ ಒಟಿಟಿಗೆ ಕೊಟ್ಟರೆ ಭಾರತದ ಹೊರಗೆ ಕಾಣದಂತೆ ಬ್ಲಾಕ್ ಮಾಡಿಸಬೇಕು. ಲಂಡನ್ ಕನ್ನಡಿಗರು ಅದನ್ನು ನೋಡಬೇಕಾದರೆ 2035 ಬರಬೇಕು, ನ್ಯೂಜೆರ್ಸಿಯವರು 2049ರವರೆಗೆ ಕಾಯಬೇಕು.